ಅವರಿಗೆ ಭಯ, ನಮಗೆ ಕಿಟ್ಟು

2024ರ ಅಕ್ಟೋಬರ್ ತಿಂಗಳ ಕೊನೆಯ ವಾರ. ಕಳ್ಳಕವಟಗಿಯಲ್ಲಿ ಅಸರ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬಂದ ನಮ್ಮನ್ನು ಪಕ್ಕದ ಹೊಲದ ರೈತರೊಬ್ಬರು ರಸ್ತೆಯಲ್ಲಿ ತಡೆದರು. ಅವರ ಬದುವಿಗೂ ನಮ್ಮವರ ಬದುವಿಗೂ ತಲೆಮಾರುಗಳ ನಂಟು. ಮೊಹರಮ್ಮಿನಲ್ಲಿ ಸಕ್ಕರೆ ಓದಿಸುವವರು, ನಮ್ಮ ಮೈಯ್ಯತ್‌ಗಳಿಗೆ ಕಬರಸ್ತಾನದವರೆಗೂ ನಡೆದು ಬರುವವರು. ಅಂಥವರು ಅಂದು ತಲೆ ತಗ್ಗಿಸಿ ಕೇಳಿದರು: "ಕಾಕಾ, ನಮ್ಮ ಹೊಲಾನೂ ನಿಮ್ಮ ವಕ್ಫಿಗೆ ಹೋಗತೈತೇನ್ರಿ?"

ಕೇಳಿದ ಧ್ವನಿಯಲ್ಲಿ ಜಗಳವಿರಲಿಲ್ಲ. ಆದರೂ ನಮಗೆ ಸಿಟ್ಟು ಬಂತು. ಟಿವಿಯವರ ಮಾತು ಕೇಳಿಕೊಂಡು ನಮ್ಮ ಮುಂದೆ ಬರಬೇಡಿರಿ ಎಂದು ಹೇಳಿ ಮನೆಯ ದಾರಿ ಹಿಡಿದೆವು. ಅಂದು ನಾವು ಕೊಡಬೇಕಾಗಿದ್ದ ಉತ್ತರವನ್ನು ಕೊಡಲಿಲ್ಲ. ಬೇರೆಯವರು ಕೊಟ್ಟರು.

ಆ ಪ್ರಶ್ನೆ ಹುಟ್ಟಿದ್ದು ನಮ್ಮ ತಾಲ್ಲೂಕಿನಲ್ಲೇ. ತಿಕೋಟಾ ತಾಲ್ಲೂಕಿನ ಹೊನವಾಡ ಗ್ರಾಮದ ಸುಮಾರು 1,200 ಎಕರೆ ಜಮೀನು ವಕ್ಫ್ ಆಸ್ತಿಯೆಂದು ದಾಖಲಾಗುತ್ತಿದೆ ಎಂಬ ಸುದ್ದಿ ಆ ತಿಂಗಳು ರಾಜ್ಯವನ್ನೇ ಆವರಿಸಿತು. ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ದಾಖಲೆ ಹಿಡಿದು ವಿವರಿಸಿದ್ದು ಬೇರೆಯೇ ಆಗಿತ್ತು. 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಾಲ್ ಬಾಗಾಯತ್ ಜಮೀನಿನ ಪಕ್ಕ ಕಂಸದಲ್ಲಿ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು. 1977ರಲ್ಲಿ ಅದನ್ನು ತಿದ್ದಲಾಗಿತ್ತು. ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು ಹನ್ನೊಂದು ಎಕರೆ ಮಾತ್ರ, ಅದರಲ್ಲಿ ಬಹುಪಾಲು ಕಬರಸ್ತಾನ. ಕಂಸದೊಳಗಿನ ಒಂದು ಹೆಸರು ಐವತ್ತು ವರ್ಷಗಳ ಬಳಿಕ ನೆರೆಹೊರೆಯವರ ನಡುವೆ ಗೋಡೆಯಾಗಿ ಎದ್ದಿತು.

ಆದರೆ ರೈತನ ಭಯವನ್ನು ಬರಿಯ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜಿಲ್ಲೆಯಲ್ಲಿ ನೋಟಿಸುಗಳು ಹೋದದ್ದು ನಿಜ. ಇಂಡಿ ತಾಲ್ಲೂಕಿನಲ್ಲಿ ನೋಟಿಸನ್ನೂ ನೀಡದೆ ಕೆಲವು ಉತಾರಗಳಲ್ಲಿ ವಕ್ಫ್ ಎಂಬ ಹೆಸರು ಸೇರಿದ್ದೂ ನಿಜ. ಉತಾರದ ಹನ್ನೊಂದನೆಯ ಕಾಲಮ್ಮಿನಲ್ಲಿ ಒಂದು ಪದ ಬಿದ್ದರೆ ಬ್ಯಾಂಕು ಬೆಳೆಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಹೊಲ ಕೊಳ್ಳುವವನು ಸಿಗುವುದಿಲ್ಲ, ಮಗಳ ಮದುವೆ ನಿಲ್ಲುತ್ತದೆ. ದ್ರಾಕ್ಷಿ ಬಳ್ಳಿಗೆ ಚಪ್ಪರ ಹಾಕಿ ಸಾಲದಲ್ಲಿ ಮುಳುಗಿರುವ ತಿಕೋಟಾ ಭಾಗದ ಒಕ್ಕಲಿಗನಿಗೆ ಉತಾರವೆಂದರೆ ಉಸಿರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ನೋಟಿಸುಗಳನ್ನು ಹಿಂಪಡೆಯುವಂತೆ ಸೂಚಿಸುವ ಹೊತ್ತಿಗೆ ಹಳ್ಳಿಹಳ್ಳಿಯಲ್ಲಿ ನಿದ್ದೆ ಕೆಟ್ಟಿತ್ತು.

ಈ ಭಯವನ್ನು ಯಾರು ಎತ್ತಿಕೊಂಡರು ಎಂಬುದನ್ನು ಗಮನಿಸಬೇಕು. ನಮ್ಮ ಬಬಲೇಶ್ವರ ಕ್ಷೇತ್ರ 2008ರಿಂದ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ಸತತವಾಗಿ ಕಾಂಗ್ರೆಸ್ಸಿನ ಎಂ.ಬಿ. ಪಾಟೀಲರನ್ನು ಆರಿಸಿದೆ. ಲೋಕಸಭೆಗೆ ವಿಜಯಪುರ ಮೀಸಲು ಕ್ಷೇತ್ರವು 2009ರಿಂದ ಪ್ರತಿ ಸಲವೂ ಬಿಜೆಪಿಯ ರಮೇಶ ಜಿಗಜಿಣಗಿಯವರನ್ನು ಕಳಿಸಿದೆ. ಅಂದರೆ ವಿಧಾನಸಭೆಗೊಂದು ಗುಂಡಿ, ಲೋಕಸಭೆಗೊಂದು ಗುಂಡಿ ಒತ್ತುವ ಮತದಾರ ಈ ಜಿಲ್ಲೆಯಲ್ಲಿ ಇದ್ದೇ ಇದ್ದಾನೆ. ಚುನಾವಣಾ ತಂತ್ರಗಾರನ ಕಣ್ಣು ಬೀಳುವುದು ಅವನ ಮೇಲೆ. ತನ್ನ ಪಕ್ಷದವನನ್ನು ಒಲಿಸುವ ಅಗತ್ಯ ಅವನಿಗಿಲ್ಲ. ಎದುರು ಪಕ್ಷಕ್ಕೆ ಮತ ಹಾಕುವ ಸಾಮಾನ್ಯನೊಬ್ಬನನ್ನು ಎಳೆದುಕೊಂಡರೆ ಅದು ಎರಡು ಮತಕ್ಕೆ ಸಮ. ಒಂದು ಇಲ್ಲಿ ಕೂಡಿತು, ಒಂದು ಅಲ್ಲಿ ಕಳೆಯಿತು.

ಅವನನ್ನು ಎಳೆಯುವ ಹಗ್ಗ ಯಾವುದು? ನೀರಾವರಿಯ ಮಾತಾಡಿ ಒಲಿಸಬಹುದಿತ್ತು. ಒಣದ್ರಾಕ್ಷಿಯ ಬೆಲೆ, ಬೆಳೆವಿಮೆ, ಗಡಿಭಾಗದ ಕನ್ನಡ ಶಾಲೆಗಳ ಮಾತಾಡಬಹುದಿತ್ತು. ಆದರೆ ಅವುಗಳಿಗೆ ಕೆಲಸ ಮಾಡಿ ತೋರಿಸಬೇಕಾಗುತ್ತದೆ. ನೆರೆಯವನ ಮೇಲೆ ಭಯ ಹುಟ್ಟಿಸಲು ಏನನ್ನೂ ಕಟ್ಟಬೇಕಾಗಿಲ್ಲ. ನವೆಂಬರ್ ತಿಂಗಳ ಮೊದಲ ವಾರ ವಿಜಯಪುರದಲ್ಲಿ ಧರಣಿ ಕೂತಿತು, 7ರಂದು ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷ ಜಗದಂಬಿಕಾ ಪಾಲ್ ಹುಬ್ಬಳ್ಳಿಗೂ ವಿಜಯಪುರಕ್ಕೂ ಬಂದು ಅಹವಾಲು ಕೇಳಿ ಹೋದರು, 13ರಂದು ಶಿಗ್ಗಾವಿ, ಸಂಡೂರು, ಚನ್ನಪಟ್ಟಣಗಳಲ್ಲಿ ಉಪಚುನಾವಣೆ ನಡೆಯಿತು. ಫಲಿತಾಂಶದ ದಿನ ಮೂರೂ ಕಡೆ ಕಾಂಗ್ರೆಸ್ ಗೆದ್ದಿತು. ಶಿಗ್ಗಾವಿಯಲ್ಲಿ ಗೆದ್ದವರು ಯಾಸಿರ್ ಅಹ್ಮದ್ ಖಾನ್ ಪಠಾಣ್. ತಂತ್ರಗಾರನ ಲೆಕ್ಕ ಆ ಸಲ ತಪ್ಪಿತು. ಚುನಾವಣೆ ಮುಗಿದ ಮೇಲೆ ಅವನು ಊರು ಬಿಟ್ಟ. ಭಯ ಊರಲ್ಲೇ ಉಳಿಯಿತು.

ಇದಾಗಿ ಕೆಲವು ತಿಂಗಳಿಗೆ ರಮಝಾನ್ ಬಂತು. 2025ರ ಮಾರ್ಚ್ ಕೊನೆಯ ವಾರದಲ್ಲಿ ಅದೇ ಪಕ್ಷದ ಅಲ್ಪಸಂಖ್ಯಾತ ಮೋರ್ಚಾ 'ಸೌಗಾತ್-ಎ-ಮೋದಿ' ಎಂಬ ಹೆಸರಿನ ಕಿಟ್ ಹಂಚಿಕೆಯನ್ನು ದೆಹಲಿಯಲ್ಲಿ ಆರಂಭಿಸಿತು. ಶ್ಯಾವಿಗೆ, ಖರ್ಜೂರ, ಒಣಹಣ್ಣು, ಸಕ್ಕರೆ, ಹಬ್ಬದ ಬಟ್ಟೆ. 32 ಸಾವಿರ ಕಾರ್ಯಕರ್ತರು 32 ಸಾವಿರ ಮಸೀದಿಗಳ ಮೂಲಕ 32 ಲಕ್ಷ ಬಡ ಮುಸ್ಲಿಮರನ್ನು ತಲುಪುವರೆಂದು ಘೋಷಣೆಯಾಯಿತು. ಮಾರ್ಚ್ 31ರಂದು ನಾವು ಈದ್ ಆಚರಿಸಿದೆವು. ಏಪ್ರಿಲ್ 2ರಂದು ಲೋಕಸಭೆಯಲ್ಲಿ ವಕ್ಫ್ ತಿದ್ದುಪಡಿ ಮಸೂದೆಯ ಚರ್ಚೆ ಆರಂಭವಾಗಿ ನಡುರಾತ್ರಿ ದಾಟಿದ ಮೇಲೆ ಅಂಗೀಕಾರವಾಯಿತು. ಶ್ಯಾವಿಗೆಯ ಪೊಟ್ಟಣ ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲ.

ಒಂದು ಮನೆಗೆ ಭಯ, ಪಕ್ಕದ ಮನೆಗೆ ಕಿಟ್ಟು. ಎರಡನ್ನೂ ಕಳಿಸಿದ ಕಚೇರಿ ಒಂದೇ.

ದಾನದ ಬಗ್ಗೆ ಪವಿತ್ರ ಕುರ್‌ಆನ್ ಏನು ಕಲಿಸಿದೆ? ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವನ ಮನಸ್ಸು ನೋಯಿಸಿ ನಿಮ್ಮ ದಾನಗಳನ್ನು ವ್ಯರ್ಥಗೊಳಿಸಬೇಡಿರಿ ಎಂಬ ಎಚ್ಚರಿಕೆ ಅಲ್‌ಬಕರಃ ಅಧ್ಯಾಯದ 264ನೆಯ ಸೂಕ್ತದಲ್ಲಿದೆ. ಕೊಟ್ಟ ಮೇಲೆ ಹೆಸರು ಹೇಳಿಕೊಳ್ಳುವುದೇ ದಾನವನ್ನು ಕೆಡಿಸುವುದಾದರೆ, ಕೊಡುವ ಮೊದಲೇ ಪೊಟ್ಟಣದ ಮೇಲೆ ಹೆಸರು ಅಚ್ಚು ಹಾಕಿಸುವುದನ್ನು ಏನೆನ್ನಬೇಕು?

ಆದರೆ ಕೊಡುವವನಿಗಿಂತ ಪಡೆಯುವ ನಮ್ಮ ಕೈಯ ಬಗ್ಗೆ ನಾವು ಹೆಚ್ಚು ಚಿಂತಿಸಬೇಕು. ಪ್ರವಾದಿ ಮುಹಮ್ಮದ್(ಸ)ರು ಇಬ್ನುಲ್ ಲುತ್‌ಬಿಯ್ಯಃ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳಿಸಿದ್ದರು. ಮರಳಿ ಬಂದ ಅವರು ಸಂಗ್ರಹಿಸಿದ್ದನ್ನು ಎರಡು ಪಾಲು ಮಾಡಿ, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದರು. ಪ್ರವಾದಿವರ್ಯರು(ಸ) ಮಿಂಬರ್ ಏರಿ ಜನರೆದುರಿಗೇ ಕೇಳಿದರು: ಈ ಮನುಷ್ಯ ತನ್ನ ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ? ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ಹದೀಸ್ ಇದು. ಸಾಮಾನ್ಯವಾಗಿ ಇದನ್ನು ಅಧಿಕಾರಿಗಳಿಗೆ ಅನ್ವಯಿಸಿ ಓದುತ್ತೇವೆ. ಒಮ್ಮೆ ನಮಗೇ ಅನ್ವಯಿಸಿಕೊಂಡು ನೋಡೋಣ. ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಪೊಟ್ಟಣ ನಿಮ್ಮ ಹೊಸ್ತಿಲಿಗೆ ಬರುತ್ತಿತ್ತೇ? ಚುನಾವಣೆಯ ಹಿಂದಿನ ರಾತ್ರಿ ಬಾಗಿಲ ಸಂದಿಯಿಂದ ಒಳಬರುವ ಲಕೋಟೆ ನಿಮ್ಮ ಮಗನಿಗೆ ಜ್ವರ ಬಂದ ರಾತ್ರಿ ಬಂದಿತ್ತೇ?

ಮತವೆಂದರೆ ನಮ್ಮ ಉಲಮಾಗಳ ದೃಷ್ಟಿಯಲ್ಲಿ ಹಗುರವಾದ ಸಂಗತಿಯಲ್ಲ. ಮುಫ್ತಿ ಮುಹಮ್ಮದ್ ಶಫೀಯವರು ಅದಕ್ಕೆ ಮೂರು ಮುಖಗಳಿವೆಯೆಂದು ವಿವರಿಸಿದ್ದಾರೆ: ಈ ಮನುಷ್ಯ ಯೋಗ್ಯನೆಂಬ ಸಾಕ್ಷ್ಯ, ಅವನ ಪರವಾದ ಶಿಫಾರಸು, ಸಮುದಾಯದ ಪರವಾಗಿ ಅವನನ್ನು ವಕೀಲನಾಗಿ ನೇಮಿಸುವ ಹೊಣೆ. ಸಾಕ್ಷ್ಯ ಹೇಳಲು ನ್ಯಾಯಾಲಯಕ್ಕೆ ಹೋಗುವವನು ದಾರಿಯಲ್ಲಿ ಆರೋಪಿಯ ಮನೆಯಲ್ಲಿ ಹೊಸ ಬಟ್ಟೆ ಉಟ್ಟುಕೊಂಡು ಹೋದರೆ ಆ ಸಾಕ್ಷ್ಯಕ್ಕೆ ಬೆಲೆಯೇನು? ದೇಶದ ಕಾನೂನೂ ಬೇರೆ ಮಾತು ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಚುನಾವಣಾ ಲಂಚ ಕೊಟ್ಟವನಷ್ಟೇ ಪಡೆದವನೂ ಅಪರಾಧಿ, ಒಂದು ವರ್ಷದವರೆಗೆ ಸೆರೆವಾಸವಿದೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂಬುದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಜುಮಾದಲ್ಲಿ ಈ ಹದೀಸನ್ನು ತಹಸೀಲ್ದಾರರ ಕಚೇರಿಯ ಲಂಚಕ್ಕೆ ಎಷ್ಟೋ ಸಲ ಅನ್ವಯಿಸಿದ್ದೇವೆ. ಮತಗಟ್ಟೆಗೆ ಅನ್ವಯಿಸಿದ್ದನ್ನು ಕೇಳಿದ ನೆನಪು ನಮಗಿಲ್ಲ.

ಬಡ ವಿಧವೆಯೊಬ್ಬಳು ಮಕ್ಕಳ ಈದ್‌ಗಾಗಿ ಆ ಶ್ಯಾವಿಗೆ ತೆಗೆದುಕೊಂಡರೆ ಅವಳನ್ನು ದೂಷಿಸುತ್ತೀರಾ ಎಂದು ಕೆಲವರು ಕೇಳುತ್ತಾರೆ. ದೂಷಿಸುವುದಿಲ್ಲ. ಈದ್ ನಮಾಝಿಗೆ ಮುನ್ನವೇ ಫಿತ್ರ್ ಝಕಾತನ್ನು ತಲುಪಿಸಲು ಆದೇಶಿಸಿದ್ದೇ ಆ ದಿನ ಯಾವ ಬಡವನೂ ಕೈಚಾಚಬಾರದೆಂದು. ನಮ್ಮ ಜಮಾಅತ್‌ಗಳ ಫಿತ್ರ್ ಅವಳ ಮನೆ ತಲುಪಿದ್ದರೆ ಪಕ್ಷದ ಪೊಟ್ಟಣಕ್ಕೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಅವಳು ಬಾಗಿಲು ತೆರೆದದ್ದಕ್ಕೆ ಲೆಕ್ಕ ಕೊಡಬೇಕಾದವರು ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡಿದ ನಾವು.

ಹಾಗಾದರೆ ಗೃಹಲಕ್ಷ್ಮಿಯ 2,000 ರೂಪಾಯಿ ಪಡೆಯುವುದು ಏನು, ಕಿಸಾನ್ ಸಮ್ಮಾನದ 6,000 ಏನು ಎಂಬ ಪ್ರಶ್ನೆಯೂ ಬರುತ್ತದೆ. ಅವು ಬೊಕ್ಕಸದ ಹಣ. ನಿಯಮದ ಪ್ರಕಾರ ಎಲ್ಲರಿಗೂ ಸಲ್ಲುವಂಥವು, ಕೊಟ್ಟವನು ಗೆಲ್ಲಲಿ ಸೋಲಲಿ ಹಕ್ಕಿನಿಂದ ಪಡೆಯುವಂಥವು. ಅವುಗಳನ್ನು ತಮ್ಮ ಮನೆಯ ಗಂಟಿನಿಂದ ತೆಗೆದುಕೊಟ್ಟವರಂತೆ ಮಾತಾಡುವ ನಾಯಕರು ಎರಡೂ ಪಕ್ಷಗಳಲ್ಲಿದ್ದಾರೆ. ಅವರಿಗೆ ಸಲಾಮ್ ಹೇಳೋಣ, ಋಣಪತ್ರ ಬರೆದುಕೊಡುವುದು ಬೇಡ.

ತಂತ್ರಗಾರನ ಲೆಕ್ಕಪುಸ್ತಕ ಹೇಗೆ ತಯಾರಾಗುತ್ತದೆಂಬುದನ್ನೂ ನಮ್ಮ ಮನೆಗಳಲ್ಲಿ ತಿಳಿದಿರಬೇಕು. ಮತ ಎಣಿಕೆಯ ನಂತರ ಫಾರಂ 20 ಎಂಬ ಪಟ್ಟಿ ಪ್ರಕಟವಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಬಿತ್ತೆಂಬುದು ಅದರಲ್ಲಿ ಅಂಕೆ ಸಮೇತ ಇರುತ್ತದೆ. ಯಾವ ಓಣಿಯವರು ಯಾವ ಮತಗಟ್ಟೆಗೆ ಹೋಗುತ್ತಾರೆಂಬುದು ಹಳ್ಳಿಯಲ್ಲಿ ಮಗುವಿಗೂ ಗೊತ್ತು. ನಿಮ್ಮೊಬ್ಬರ ಮತ ಗುಟ್ಟಾಗಿರುತ್ತದೆ, ನಿಮ್ಮ ಓಣಿಯದು ಬಯಲಾಗಿರುತ್ತದೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತ್ತು. ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು. ಅದು ಜಾರಿಗೆ ಬರಲಿಲ್ಲ. ಲೆಕ್ಕಪುಸ್ತಕ ಯಾರಿಗೆ ಬೇಕೋ ಅವರೇ ಅದನ್ನು ಮುಚ್ಚುತ್ತಾರೆಯೇ?

ಆ ಪುಸ್ತಕ ಹಿಡಿದು ನಮ್ಮ ಓಣಿಗೆ ಬರುವವನು ನಮ್ಮ ಮತವನ್ನೇ ಬಯಸುತ್ತಾನೆ ಎಂದುಕೊಳ್ಳುವುದು ಮುಗ್ಧತನ. ಸಿಕ್ಕರೆ ನಾಲ್ಕು ಮತ ಸಾಕು. ಸಿಗದಿದ್ದರೆ ನಮ್ಮವರೊಬ್ಬರನ್ನು ಪಕ್ಷೇತರರಾಗಿ ನಿಲ್ಲಿಸಿ ನಲವತ್ತು ಮತ ಒಡೆದರೂ ಅವನಿಗೆ ಲಾಭ. ಅದೂ ಆಗದಿದ್ದರೆ, ಎಲ್ಲರೂ ಒಂದೇ, ಹೋಗಿ ಏನು ಪ್ರಯೋಜನ ಎಂದು ನಮ್ಮನ್ನು ಮನೆಯಲ್ಲಿ ಕೂರಿಸಿದರೂ ಅವನ ಕೆಲಸವಾಯಿತು.

ಅವನಿಗೆ ದಾರಿ ತೋರಿಸುವವನು ಯಾರು? ಇಲ್ಲಿ ಕಟುವಾಗಿ ಮಾತಾಡಲೇಬೇಕು. ನಮ್ಮ ಓಣಿಯ ಮನೆಗಳನ್ನು, ಮನೆಯೊಳಗಿನ ತಲೆಗಳನ್ನು ಎಣಿಸಿ ಕೊಟ್ಟವನು ನಮ್ಮವನೇ. ಇಂಥ ಜಮಾಅತ್ತಿನ ಇಷ್ಟು ಮತ ನನ್ನ ಕಿಸೆಯಲ್ಲಿವೆ ಎಂದು ಹೇಳಿ ಒಂದು ಚುನಾವಣೆಯಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ ವ್ಯಾಪಾರ ಮಾಡಿದವನು ನಮ್ಮ ನಡುವೆ ಟೋಪಿ ಧರಿಸಿ ಕೂರುತ್ತಾನೆ. ಅಂತ್ಯದಿನದಂದು ಅಲ್ಲಾಹನು ಮಾತಾಡಿಸದ ಮೂವರ ಬಗ್ಗೆ ಬುಖಾರಿಯಲ್ಲಿ ಒಂದು ಹದೀಸ್ ಇದೆ. ಅವರಲ್ಲೊಬ್ಬನು ನಾಯಕನಿಗೆ ಲೌಕಿಕ ಲಾಭಕ್ಕಾಗಿಯೇ ಬೈಅತ್ ಮಾಡುವವನು. ಕೊಟ್ಟರೆ ನಿಷ್ಠ, ಕೊಡದಿದ್ದರೆ ಇಲ್ಲ. ಅಂಥವನನ್ನು ನಾವು ಮುಖಂಡರೆಂದು ಕರೆದು ಮದುವೆಗಳಲ್ಲಿ ಮುಂದಿನ ಕುರ್ಚಿ ಹಾಕುತ್ತೇವೆ.

ನಮ್ಮ ಮತವನ್ನು ತಮ್ಮ ಠೇವಣಿಯೆಂದು ಭಾವಿಸಿದ ಪಕ್ಷದ ಲೆಕ್ಕವೂ ಇದಕ್ಕಿಂತ ಗೌರವದ್ದೇನಲ್ಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ನಾವು ಸುಮಾರು ಶೇ. 13. 2023ರಲ್ಲಿ 224 ಸದಸ್ಯರ ವಿಧಾನಸಭೆಗೆ ಹೋದ ಮುಸ್ಲಿಮರು ಒಂಬತ್ತು ಮಂದಿ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಕ್ಷೇತ್ರಗಳ ಪೈಕಿ ಕಾಂಗ್ರೆಸ್ ಮುಸ್ಲಿಮ್ ಅಭ್ಯರ್ಥಿಯನ್ನು ನಿಲ್ಲಿಸಿದ್ದು ಒಂದರಲ್ಲಿ. ಎದುರು ಪಕ್ಷದವನು ಕಿಟ್ಟಾದರೂ ಹಿಡಿದು ಬರುತ್ತಾನೆ. ಇವರು ಬರುವುದೇ ಇಲ್ಲ, ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ. 2012ರಲ್ಲಿ ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರು ವಕ್ಫ್ ಆಸ್ತಿಗಳ ಕಬಳಿಕೆಯ ಬಗ್ಗೆ ವರದಿ ಕೊಟ್ಟರು. ಪ್ರಭಾವಿಗಳ, ಅದರಲ್ಲೂ ನಮ್ಮದೇ ಸಮುದಾಯದ ಪ್ರಭಾವಿಗಳ ಮೇಲೆ ಆರೋಪಗಳಿದ್ದ ಆ ವರದಿ ಪಕ್ಷಗಳ ನಡುವೆ ಚೆಂಡಾಗಿ ಉರುಳುತ್ತಲೇ ಬಂದಿದೆ. ನಮ್ಮ ಅನಾಥರಿಗೂ ವಿಧವೆಯರಿಗೂ ಸೇರಬೇಕಾದ ಆಸ್ತಿಯನ್ನು ನುಂಗಿದವರ ವಿರುದ್ಧ ಆಗದ ಗದ್ದಲ, ಹೊನವಾಡದ ಕಂಸದೊಳಗಿನ ಹೆಸರಿಗಾಗಿ ಆಯಿತು.

ವಿಜಯಪುರ ನಗರದ ಉದಾಹರಣೆಯನ್ನೂ ನೋಡಿ. 2013ರಲ್ಲಿ ಬಸನಗೌಡ ಪಾಟೀಲ ಯತ್ನಾಳರು ಜೆಡಿಎಸ್ ಅಭ್ಯರ್ಥಿಯಾಗಿ, ಮುಸ್ಲಿಮ್ ಮತಗಳನ್ನೂ ಬಯಸುವ ಪಕ್ಷದ ಚಿಹ್ನೆಯಡಿ ನಿಂತು ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನರೆದುರು ಸೋತರು. 2018ರಲ್ಲಿ ಬಿಜೆಪಿಯಿಂದ ಗೆದ್ದ ಕೆಲವೇ ದಿನಗಳಲ್ಲಿ, ತಮಗೆ ಮತ ಹಾಕಿದ ಹಿಂದೂಗಳ ಕೆಲಸ ಮಾಡಿ, ಮುಸ್ಲಿಮರದ್ದಲ್ಲ ಎಂದು ಪಾಲಿಕೆ ಸದಸ್ಯರಿಗೆ ಸೂಚಿಸಿದ್ದಾಗಿ ಹೇಳಿದ ಮಾತು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಐದು ವರ್ಷಗಳಲ್ಲಿ ನಗರದ ಮುಸ್ಲಿಮರೇನೂ ಬದಲಾಗಿರಲಿಲ್ಲ. ಕೂಡುವ ಕಳೆಯುವ ಲೆಕ್ಕ ಬದಲಾಗಿತ್ತು. 2025ರ ಮಾರ್ಚ್‌ನಲ್ಲಿ ಅವರ ಪಕ್ಷವೇ ಅವರನ್ನು ಆರು ವರ್ಷಗಳ ಕಾಲ ಉಚ್ಚಾಟಿಸಿತು.

ಇಷ್ಟೆಲ್ಲ ಬರೆದದ್ದು ಬಾಗಿಲು ಮುಚ್ಚಿರಿ ಎನ್ನುವುದಕ್ಕಲ್ಲ. ಎದುರು ಪಕ್ಷದವನು ನಮ್ಮ ಮನೆಗೆ ಬರುವುದು ಒಳ್ಳೆಯದು, ಬರಬೇಕು. ಧರ್ಮದ ವಿಷಯದಲ್ಲಿ ನಿಮ್ಮೊಡನೆ ಯುದ್ಧ ಮಾಡದವರೊಂದಿಗೆ ಸೌಜನ್ಯದಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆದಿಲ್ಲವೆಂದು ಅಲ್‌ಮುಮ್ತಹಿನಃದ 8ನೆಯ ಸೂಕ್ತ ಹೇಳುತ್ತದೆ. ಬಂದವನನ್ನು ಕೂರಿಸಿ, ಚಹಾ ಕೊಡಿ. ಬಳಿಕ ಕೇಳಿ. 1995ರಿಂದ ನಮ್ಮ ಮಕ್ಕಳಿಗೆ ಓದು ಕೆಲಸಗಳ ದಾರಿ ತೆರೆದಿದ್ದ ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ತಿಂಗಳೊಂದೆರಡು ಉಳಿದಿರುವಾಗ, ಬೊಮ್ಮಾಯಿ ಸರಕಾರ ತೆಗೆದು ಇತರ ಎರಡು ಸಮುದಾಯಗಳಿಗೆ ಎರಡೆರಡು ಹಂಚಿತಲ್ಲ, ಸುಪ್ರೀಮ್ ಕೋರ್ಟಿನಲ್ಲಿ ಅದು ನಿಂತಿತಲ್ಲ, ಆ ಬಗ್ಗೆ ನಿಮ್ಮ ಉತ್ತರವೇನು? ಹೊನವಾಡದ ರೈತನಿಗೆ ನಮ್ಮ ಬಗ್ಗೆ ಏನು ಹೇಳಿ ಬಂದಿರಿ? ಅದನ್ನೇ ಇಲ್ಲಿ, ನಮ್ಮ ಮುಖ ನೋಡಿ ಹೇಳಬಲ್ಲಿರಾ? ಅವನ ಬಳಿ ಪ್ರಾಮಾಣಿಕ ಉತ್ತರವಿದ್ದರೆ ಕೇಳಬೇಕು, ತೂಗಬೇಕು. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಅಲ್‌ಮಾಇದಃದ ಆದೇಶ ಚುನಾವಣೆಯ ದಿನಕ್ಕೂ ಅನ್ವಯಿಸುತ್ತದೆ. ಖೈಬರಿನಲ್ಲಿ ಬೆಳೆಯ ಪಾಲು ನಿರ್ಧರಿಸಲು ಹೋದ ಸಹಾಬಿ ಅಬ್ದುಲ್ಲಾ ಬಿನ್ ರವಾಹಾ(ರ)ರ ಮುಂದೆ ಅಲ್ಲಿನವರು ತಮ್ಮ ಹೆಂಗಸರ ಆಭರಣಗಳನ್ನು ತಂದಿಟ್ಟರು. ಅವರು ಅದನ್ನು ಮುಟ್ಟಲಿಲ್ಲ. ತಮಗೆ ಆ ಜನರ ಮೇಲಿದ್ದ ಕೋಪಕ್ಕಾಗಿ ಒಂದು ಹಿಡಿ ಖರ್ಜೂರವನ್ನೂ ಹೆಚ್ಚು ವಸೂಲು ಮಾಡಲಿಲ್ಲ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಈ ಘಟನೆ ಇದೆ.

ಮತ್ತೆ ಆ ರೈತರ ಪ್ರಶ್ನೆ. ತಂತ್ರಗಾರನು ಅವರ ಬಳಿ ಹೋಗಲು ದಾರಿ ಮಾಡಿಕೊಟ್ಟದ್ದು ನಮ್ಮ ಮೌನ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ತಿಂಗಳುಗಳು ಬೇಕಾದವು. ನಿಮಗೇ ವಿರುದ್ಧವಾದರೂ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿರಿ ಎಂಬುದು ಅನ್ನಿಸಾ ಅಧ್ಯಾಯದ 135ನೆಯ ಸೂಕ್ತದ ಆಜ್ಞೆ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ವಕ್ಫ್ ಅಲ್ಲಾಹನ ಹೆಸರಿನ ಅಮಾನತ್ತು. ಅವನ ಹೆಸರಿನಲ್ಲಿ ಅನ್ಯರ ಒಂದು ಗೇಣೂ ಸೇರಬಾರದು. ಇಂಡಿಯಲ್ಲಿ ನೋಟಿಸಿಲ್ಲದೆ ಉತಾರ ಬದಲಾದಾಗ ಅದು ತಪ್ಪೆಂದು ಮೊದಲು ಹೇಳಬೇಕಾಗಿದ್ದವರು ನಮ್ಮ ಮಸೀದಿ ಕಮಿಟಿಗಳು. ಯಾರೂ ಹೇಳಲಿಲ್ಲ. ಹೇಳಿದರೆ ನಮ್ಮ ಕಡೆ ದುರ್ಬಲವಾಗುತ್ತದೆಂದು ಹೆದರಿದೆವು. ಹನ್ನೊಂದು ಎಕರೆಯ ಸತ್ಯವನ್ನು ಮನೆಮನೆಗೆ ಒಯ್ಯುವ ಕೆಲಸವನ್ನೂ ಮಾಡಲಿಲ್ಲ. ಒಬ್ಬ ಸಚಿವರ ಪತ್ರಿಕಾಗೋಷ್ಠಿಗೆ ಅದನ್ನು ಬಿಟ್ಟುಬಿಟ್ಟೆವು.

ಈದ್ ಕಳೆದ ಮೇಲೆ ಒಂದು ದಿನ ನಮ್ಮಲ್ಲಿ ಮೂವರು ಊರಿನ ವಕ್ಫ್ ಜಮೀನುಗಳ ಸರ್ವೆ ನಂಬರ್ ಇರುವ ಪಟ್ಟಿಯ ನಕಲು ಹಿಡಿದು ಆ ರೈತರ ಮನೆಗೆ ಹೋದೆವು. ಅವರು ಕಂಬಳಿ ಹಾಸಿದರು. ಮೊದಲು ಯಾರೂ ಆ ಮಾತೆತ್ತಲಿಲ್ಲ. ಮಳೆ, ದ್ರಾಕ್ಷಿಯ ಬೆಲೆ ಎಂದೆಲ್ಲ ಮಾತಾಡಿದೆವು. ಆಮೇಲೆ ಪಟ್ಟಿಯನ್ನು ಅವರ ಮಗನ ಕೈಗೆ ಕೊಟ್ಟೆವು. ಅವನು ಗಟ್ಟಿಯಾಗಿ ಓದಿದ. ಮಸೀದಿ, ಈದ್‌ಗಾಹ್, ಕಬರಸ್ತಾನ. ಅವರು ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಉತಾರವನ್ನು ತಂದು ಪಟ್ಟಿಯ ಪಕ್ಕ ಇಟ್ಟು ಬೆರಳಿನಿಂದ ಒಂದೊಂದೇ ನಂಬರ್ ತಾಳೆ ನೋಡತೊಡಗಿದರು. ಕಬರಸ್ತಾನದ ಮೂಡಣ ಬದುವಿನಲ್ಲಿ ಅವರದ್ದೂ ನಮ್ಮದೂ ಎನ್ನಲಾಗದ ಒಂದು ಪಟ್ಟಿ ನೆಲವಿದೆಯಂತೆ, ಹಳೆಯ ಗಡಿಗಲ್ಲು ಎಂದೋ ಕಿತ್ತುಹೋಗಿದೆಯಂತೆ. ಅಳತೆ ಮಾಡಿಸೋಣ ಎಂದರು. ಅಳತೆಯ ಅರ್ಜಿಗೆ ಎರಡೂ ಕಡೆಯವರ ಸಹಿ ಬಿದ್ದಿದೆ, ಭೂಮಾಪಕರು ಇನ್ನೂ ಬಂದಿಲ್ಲ.